ಆಂಟಿಯ ಧ್ವನಿಯಲ್ಲಿ ಹರಳೆಣ್ಣೆ

ಹರಳೆಣ್ಣೆ ಕುಡಿ ಎಂದು ನನ್ನ ಅಕ್ಕನಿಗೆ ಫೋನಿನಲ್ಲಿ ಹೇಳಿದವರು ಟ್ಯಾಂಪಿನೀಸ್ ಆಂಟಿ ಅಲ್ಲ, ನಾನು. ತುಂಬು ಬಸುರಿಗೆ, ಡಾಕ್ಟರು ಕೊಟ್ಟ ದಿನ ಮೀರಿ ಕೂತಿದ್ದವಳಿಗೆ, ಆಂಟಿಯ ಧ್ವನಿಯಲ್ಲಿ, ಅವರು ಮಾತಿನ ನಡುವೆ ಕೆಮ್ಮುವ ಆ ಸಣ್ಣ ಕೆಮ್ಮಿನ ಸಮೇತ, ಸಿಂಗಾಪುರದ ಸೆರಂಗೂನ್ ರೋಡಿನ ಒಂದು ಪಬ್ಲಿಕ್ ಫೋನಿನಿಂದ ಹೇಳಿದವನು ನಾನೇ. ಇದನ್ನು ಆಗಲೇ ಒಂಬತ್ತು ಮನೆಗಳಿಗೆ ಒಂದೊಂದಾಗಿ ಫೋನ್ ಮಾಡಿ ಒಪ್ಪಿಕೊಂಡಿದ್ದೆ. ಹತ್ತನೆಯ ಮನೆಯವರು ಆ ದಿನ ಫೋನ್ ಎತ್ತಲಿಲ್ಲ. ಹನ್ನೊಂದನೆಯ ಮನೆಯ ನಂಬರ್ ನನ್ನಲ್ಲಿರಲಿಲ್ಲ. ಹನ್ನೆರಡನೆಯ ಮನೆಗೆ ಫೋನ್ ಮಾಡಲು ಧೈರ್ಯ ಸಾಲಲಿಲ್ಲ. ಆ ಮೂರೂ ಮನೆಯವರು ಇದನ್ನೇ ನನ್ನ ಫೋನು ಎಂದುಕೊಳ್ಳಬೇಕು.

ನಾಲ್ಕು ವರ್ಷದ ನಂತರ ಬರೆಯಲು ಕಾರಣ ಇಷ್ಟೆ. ಆಂಟಿಯ ಗಂಡ, ಅಂಕಲ್, ರಿಟೈರ್ ಆದರು. ಅವರು, ಆಂಟಿ ಇಬ್ಬರೂ ಮುಂದಿನ ತಿಂಗಳು ಉಡುಪಿ ಕಡೆಗೆ ವಾಪಸ್ ಹೊರಟಿದ್ದಾರೆ. ಕಳೆದ ಭಾನುವಾರ ಬೀಳ್ಕೊಡುಗೆಯಲ್ಲಿ ಯಾರೋ ಹೊಸಬರು, "ನೀವು ಆಂಟಿ ಥರ ಸೂಪರಾಗಿ ಮಾತಾಡ್ತೀರಂತೆ, ಒಂದ್ಸಲ ಮಾಡಿ" ಎಂದು ನನ್ನನ್ನು ಮುಂದಕ್ಕೆ ನೂಕಿದರು. ಕಥೆ ಗೊತ್ತಿದ್ದ ಹಳಬರೆಲ್ಲ ತಮ್ಮ ತಮ್ಮ ತಟ್ಟೆಯ ಚಟ್ನಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಆಂಟಿಯೇ ನನ್ನನ್ನು ಬಿಡಿಸಿದರು. "ಅವ ಬರೆದು ಕೊಡ್ಲಿ ಬಿಡಿ. ಬರೆಯುವಾಗ ಧ್ವನಿ ಬರೋದಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನನ್ನ ಹೆಸರು ಹಾಕ್ಬೇಡ ಆಯ್ತಾ. ಒಂದು ಸಲ ಕೇಳದೆ ನನ್ನ ಬಾಯಿ ತಗೊಂಡು ಹೋದವ ನೀನು" ಎಂದರು. ಹಾಗಾಗಿ ಹೆಸರಿಲ್ಲ. ಇಲ್ಲಿ ಯಾರಿಗೂ ಬೇಕಾಗುವುದೂ ಇಲ್ಲ. ಸಿಂಗಾಪುರದ ಕನ್ನಡದವರಲ್ಲಿ ಬಸುರಿಯಾದ ಯಾರನ್ನೇ ಕೇಳಿದರೂ 'ಆಂಟಿ' ಎಂದರೆ ಒಬ್ಬರೇ.

ಅವರ ಧ್ವನಿಯಿಂದ ಶುರು ಮಾಡುತ್ತೇನೆ; ನನ್ನ ಪಾಪವೂ ಅಲ್ಲಿಂದಲೇ ಶುರುವಾದದ್ದು. ಅದು ಗಂಡಸಿನ ಧ್ವನಿಗಿಂತ ಒಂದು ಮೆಟ್ಟಿಲು ಕೆಳಗಿನದು. ಫೋನಿನಲ್ಲಿ ಅವರಿಗೆ "ಯೆಸ್ ಸರ್" ಎನ್ನುವ ಕ್ಲರ್ಕುಗಳು ಇದ್ದರು. ಹಲೋ ಎನ್ನುವ ಅಭ್ಯಾಸ ಅವರಿಗಿಲ್ಲ. ಫೋನ್ ಎತ್ತಿದ ಕೂಡಲೇ "ಎಷ್ಟಾಯ್ತು?" ಎಂದೇ ಕೇಳುವರು. ಎಷ್ಟನೇ ವಾರ ಎಂದು ಅರ್ಥ. ಒಮ್ಮೆ ನಾನು ಫೋನ್ ಎತ್ತಿದಾಗಲೂ ಹಾಗೇ ಕೇಳಿದರು. "ಇಪ್ಪತ್ನಾಲ್ಕು" ಎಂದೆ, ನನ್ನ ವಯಸ್ಸು. "ಹಾಗಾದ್ರೆ ಇನ್ನೂ ಬಲಿತಿಲ್ಲ. ಅಕ್ಕನಿಗೆ ಕೊಡು" ಎಂದರು.

ನಾನು ಆಗ ಅಕ್ಕ ಭಾವನ ಜೊತೆ ಬುಕಿತ್ ಪಂಜಾಂಗ್‌ನಲ್ಲಿದ್ದೆ. ಲಿಫ್ಟುಗಳ ಮೆಂಟೆನೆನ್ಸ್ ಕಂಪನಿಯೊಂದರಲ್ಲಿ ಜೂನಿಯರ್ ಎಂಜಿನಿಯರ್. ಮೈಸೂರಿನಲ್ಲಿದ್ದ ಅಮ್ಮನಿಗೆ 'ಎಂಜಿನಿಯರ್' ಎಂದಷ್ಟೇ ತಿಳಿದಿತ್ತು. ಹಗ್ಗ ಕಟ್ಟಿಕೊಂಡು ಲಿಫ್ಟಿನ ಬಾವಿಗೆ ಇಳಿಯುವವನು ಎಂದು ತಿಳಿದಿರಲಿಲ್ಲ. ನನ್ನ ಮೈ ಟಿವಿ ಆಂಟೆನಾ ಥರ, ಧೈರ್ಯ ಅದಕ್ಕಿಂತ ಸಪೂರ. ಅದನ್ನು ಮುಚ್ಚಿಕೊಳ್ಳಲು ಎಲ್ಲರ ಧ್ವನಿ ಕದಿಯುತ್ತಿದ್ದೆ. ಎಂಆರ್‌ಟಿ ರೈಲಿನ ಅನೌನ್ಸ್‌ಮೆಂಟನ್ನು ನಾಲ್ಕು ಭಾಷೆಯಲ್ಲಿ ಹೇಳುತ್ತಿದ್ದೆ. ನಮ್ಮ ಫೋರ್‌ಮನ್ ಬೈಯುವುದನ್ನು ಅವನಿಗಿಂತ ಚೆನ್ನಾಗಿ ಬೈಯುತ್ತಿದ್ದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಭಾವ ವಾಕ್ಯಕ್ಕೆ ಎರಡು ಸಲ 'ಆಕ್ಚುಯಲಿ' ಎನ್ನುವುದನ್ನು ಅವರ ಎದುರಿಗೇ ಮಾಡಿ ತೋರಿಸುತ್ತಿದ್ದೆ. ಯೋಚಿಸಿ ನೋಡಿದರೆ, ನಾನು ಅಣಕಿಸುತ್ತಿದ್ದವರೆಲ್ಲ ನನಗೆ ಭಯ ಹುಟ್ಟಿಸುವವರೇ. ಆ ಪಟ್ಟಿಯಲ್ಲಿ ಮೊದಲಿಗರು ಆಂಟಿ. ಯುಗಾದಿಯ ಸಭೆಯಲ್ಲಿ ಅವರ ಎದುರೇ ಅವರಂತೆ ಮಾತಾಡಿದೆ. ಜನ ಬಿದ್ದು ಬಿದ್ದು ನಕ್ಕರು. ಆಂಟಿ ನಗಲಿಲ್ಲ. ಪೂರ್ತಿ ಕೇಳಿ, "ಎಲ್ಲ ಸರಿ ಉಂಟು. 'ಮಾರಾಯ' ಮಾತ್ರ ಜಾಸ್ತಿ ಆಯ್ತು, ನಾನು ಅಷ್ಟು ಸಲ ಹೇಳೋದಿಲ್ಲ" ಎಂದು ತಿದ್ದಿದರು. ತಿದ್ದಿದ್ದು ನನ್ನ ದುರದೃಷ್ಟ. ಅಂದಿನಿಂದ ನನ್ನ ಅನುಕರಣೆಯಲ್ಲಿ ಒಂದು ಲೋಪವೂ ಉಳಿಯಲಿಲ್ಲ.

ಅವರು ಮನೆಗೆ ಬಂದರೆ ಮೊದಲು ಸೋಫಾ ಬಿಟ್ಟು ನೆಲಕ್ಕೆ ಕೂರುವರು. ಅಕ್ಕನ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡು ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದು, ಬಿದ್ದ ಕುಳಿ ತುಂಬುವವರೆಗೆ ತುಳುವಿನಲ್ಲಿ ಎಣಿಸುವರು: "ಒಂಜಿ, ರಡ್ಡ್, ಮೂಜಿ..." ಐದು ದಾಟಿತೋ, ಚಹಾ ಕೂಡ ಕುಡಿಯದೆ ಎದ್ದು, "ನಡಿ ಡಾಕ್ಟರ ಹತ್ರ" ಎನ್ನುವರು. ಅಲ್ಲಿ ವಾದ ನಡೆಯದು. ದಾಟದಿದ್ದರೆ ಮಾತ್ರ ಅಡುಗೆಯ ಮಾತು.

ಅಡುಗೆ ಎಂದರೆ ದಿನ ಮೀರಿದ ಬಸುರಿಯರ ಅಡುಗೆ. ಅದಕ್ಕಾಗಿಯೇ ಅವರು ಪ್ರಸಿದ್ಧರು. ನಮ್ಮ ಮೈಸೂರು ಕಡೆ ಬಸುರಿಯ ಎದುರು ಅನಾನಸಿನ ಹೆಸರು ಎತ್ತುವ ಹಾಗಿಲ್ಲ. ಅದೇ ಅನಾನಸು ಒಂಬತ್ತು ತಿಂಗಳು ತುಂಬಿ ನಾಲ್ಕು ದಿನ ಆಯಿತೆಂದರೆ ರಾತ್ರೋರಾತ್ರಿ ಔಷಧವಾಗಿಬಿಡುತ್ತದೆ! ಆಂಟಿ ಅದರ ಮೆಣಸ್ಕಾಯಿ ಗೊಜ್ಜು ಮಾಡುವರು. ಸಿಹಿ, ಹುಳಿ, ಖಾರ ಸೇರಿ ನಾಲಿಗೆ ಕುಣಿಯುವಂಥದು. ಜೀರಿಗೆ, ಕಾಳುಮೆಣಸು, ಬೆಲ್ಲದ ಕಷಾಯ ಕುದಿಸುವರು. ಎಲ್ಲಕ್ಕಿಂತ ಮುಖ್ಯವಾದದ್ದು ಬಸಳೆ. "ಬಸಳೆ ತಿಂದ್ರೆ ಮಗು ಜಾರಿ ಬರ್ತದೆ" ಎಂದು ಅವರ ಊರಿನ ನಂಬಿಕೆ. ಟ್ಯಾಂಪಿನೀಸ್‌ನ ಅವರ ಮನೆಯ ಕಾರಿಡಾರಿನಲ್ಲಿ ಖಾಲಿ ಪೇಂಟ್ ಡಬ್ಬಗಳಲ್ಲಿ ಬಸಳೆ ಹಬ್ಬಿ, ಪಕ್ಕದ ಚೀನೀ ಮನೆಯವರ ಕಿಟಕಿಯನ್ನೂ ಅರ್ಧ ಮುಚ್ಚಿತ್ತು. ದಾರಿಗೆ ಅಡ್ಡ ಎಂದು ತಪಾಸಣೆಗೆ ಬಂದ ಅಧಿಕಾರಿಗೆ ಒಂದು ಕಟ್ಟು ಕೊಯ್ದು ಕೊಟ್ಟು, "ಯುವರ್ ವೈಫ್ ಎಷ್ಟಾಯ್ತು?" ಎಂದು ಕೇಳಿದರಂತೆ. ಅವನಿಗೆ ಮದುವೆಯೇ ಆಗಿರಲಿಲ್ಲ. ಸೊಪ್ಪು ಮಾತ್ರ ತೆಗೆದುಕೊಂಡು ಹೋದ.

ಅವರ ಕ್ರಮದಲ್ಲಿ ಒಂದು ವಿಚಿತ್ರ ಇತ್ತು. ಬಸಳೆಯ ಎಲೆಗಳನ್ನು ಬಸುರಿಯೇ ನೆಲದ ಮೇಲೆ ಕೂತು ಒಂದೊಂದಾಗಿ ಬಿಡಿಸಬೇಕು. ಅನಾನಸನ್ನು ಗಂಡನೇ ಹೆಚ್ಚಬೇಕು, ಅದರ ಕಣ್ಣುಗಳನ್ನೆಲ್ಲ ಅವನೇ ತೆಗೆಯಬೇಕು. ಟ್ಯಾಂಪಿನೀಸ್‌ನ ಒಬ್ಬ ಪ್ರೊಫೆಸರು ಆ ಕೆಲಸಕ್ಕೆ ಇಡೀ ಮಧ್ಯಾಹ್ನ ತೆಗೆದುಕೊಂಡು, ಬೆರಳು ಕೊಯ್ದುಕೊಂಡು, ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುವ ಹಾಗೆ ಮಾಡಿದರು. ಎರಡು ದಿನದ ಮೇಲೆ ಹೆರಿಗೆ ಆಯಿತು. "ನಿಮ್ಮ ಪೈನಾಪಲ್‌ನಿಂದಲೇ ಆಂಟಿ" ಎಂದರು ಪ್ರೊಫೆಸರು. "ಎರಡು ದಿನ ಪೈನಾಪಲ್ ಎಲ್ಲಿ ಕೂತ್ಕೊಂಡಿತ್ತು? ಬಸ್ ಸ್ಟಾಪಲ್ಲಾ?" ಎಂದರು ಆಂಟಿ.

ಅಕ್ಕನೂ ಒಮ್ಮೆ ಕೇಳಿದ್ದಳು. "ನಿಜ ಹೇಳಿ ಆಂಟಿ, ಇದೆಲ್ಲ ತಿಂದ್ರೆ ಬೇಗ ಆಗುತ್ತಾ?"

"ಎಂತ ಬೇಗ ಮಾರಾಯ್ತಿ? ಅದು ಬರೋ ದಿನ ಬರ್ತದೆ. ಅಲ್ಲಿವರೆಗೆ ನೀನು ಗೋಡೆ ನೋಡ್ತಾ ಕೂರೋದಾ? ಊಟ ಬೇಡ್ವಾ?"

ನಾನು ಆ ಮಾತು ಕೇಳಿಸಿಕೊಂಡೆ. ಮೂರು ದಿನ ಅದೇ ಧ್ವನಿಯಲ್ಲಿ ಮನೆತುಂಬ ಹೇಳಿಕೊಂಡು ತಿರುಗಿದೆ. ಅರ್ಥ ಮಾತ್ರ ತಲೆಗೆ ಹೋಗಲಿಲ್ಲ.

ಅಕ್ಕನ ಹೆರಿಗೆಗೆ ಅಮ್ಮ ಬರಬೇಕಿತ್ತು. ಅಮ್ಮನ ಪಾಸ್‌ಪೋರ್ಟ್ ಪೊಲೀಸ್ ವೆರಿಫಿಕೇಶನ್ ಎಂಬಲ್ಲಿ ಸಿಕ್ಕಿಕೊಂಡಿತ್ತು. ದಿನ ತುಂಬಿ ನಾಲ್ಕು ದಿನವಾದ ಗುರುವಾರ ಅಮ್ಮ ಮೈಸೂರಿನಿಂದ ಫೋನ್ ಮಾಡಿದಳು. ಅಕ್ಕ ಸ್ನಾನಕ್ಕೆ ಹೋಗಿದ್ದಳು, ಎತ್ತಿದವನು ನಾನು.

"ಒಂದು ವಿಷಯ ಕಣೋ, ಅವಳಿಗೆ ಹೇಳ್ಬೇಡ. ಭಾನುವಾರ ಮಧ್ಯಾಹ್ನದಿಂದ ಸೋಮವಾರ ಮಧ್ಯಾಹ್ನದ ತನಕ ರೋಹಿಣಿ ಇದೆ."

"ಇದ್ರೆ ಇರ್ಲಿ ಬಿಡಮ್ಮ."

"ರೋಹಿಣೀಲಿ ಹುಟ್ಟಿದ್ರೆ ಸೋದರಮಾವಂಗೆ ಆಗಲ್ಲ ಅಂತಾರೆ. ಕೃಷ್ಣ ಹುಟ್ಟಿದ್ದು ರೋಹಿಣೀಲೇ ಅಲ್ವಾ? ಕಂಸ ಏನಾದ?"

ನಾನು ಗಹಗಹಿಸಿ ನಕ್ಕೆ. ಕಂಸನ ಧ್ವನಿಯಲ್ಲಿ ಅಮ್ಮನಿಗೆ ಅಭಯ ಕೊಟ್ಟೆ. ಅಮ್ಮ ನಗುತ್ತಲೇ, "ಭಾನುವಾರದ ಒಳಗೆ ಆಗಿಬಿಟ್ರೆ ಚಿಂತೆನೇ ಇಲ್ಲ. ನಮ್ಮ ಕಾಲದಲ್ಲಾಗಿದ್ರೆ ಹರಳೆಣ್ಣೆ ಕುಡಿಸ್ತಿದ್ರು, ಒಂದೇ ದಿನಕ್ಕೆ ಹೆರಿಗೆ. ಈಗ ಯಾರು ಕೇಳ್ತಾರೆ" ಎಂದಳು. ಫೋನ್ ಇಟ್ಟೆ. ಭಾನುವಾರಕ್ಕೆ ಎಷ್ಟು ದಿನ ಉಳಿಯಿತೆಂದು ಬೆರಳು ಮಡಚಿ ಎಣಿಸಿದೆ.

ಶುಕ್ರವಾರ ಹನ್ನೆರಡು ಮಹಡಿಯ ಒಂದು ಬ್ಲಾಕಿನ ಲಿಫ್ಟಿನ ಬಾವಿಯ ತಳದಲ್ಲಿದ್ದೆ. ಮೇಲಿನಿಂದ ಫೋರ್‌ಮನ್ನನ ಕೈಜಾರಿ ಒಂದು ಸ್ಪ್ಯಾನರ್ ಬಿತ್ತು. ಅದು ಬೀಳುವ ಸದ್ದು ಕೇಳುವುದಿಲ್ಲ, ಬಿದ್ದ ಮೇಲೆ ಮಾತ್ರ ಕೇಳುತ್ತದೆ. ನನ್ನ ಎಡಗಾಲಿನ ಬೂಟಿನ ಪಕ್ಕ ಕಾಂಕ್ರೀಟಿನಲ್ಲಿ ಒಂದು ಬಿಳಿ ಗುರುತಾಯಿತು. "ಸಾರಿ ಲಾ! ಯು ಓಕೆ?" ಎಂದು ಮೇಲಿನಿಂದ ಕೂಗಿದ. ನಾನು ಅವನದೇ ಧ್ವನಿಯಲ್ಲಿ "ಓಕೆ ಲಾ" ಎಂದೆ. ನನ್ನ ಸ್ವಂತ ಧ್ವನಿ ಆಗ ಹೊರಡುತ್ತಿರಲಿಲ್ಲ.

ಈಗ ಇದೆಲ್ಲ ನಗು ಬರಿಸಬಹುದು. ಆ ದಿನ ನಾನು ಏಣಿ ಹತ್ತುತ್ತ ಮೆಟ್ಟಿಲು ಎಣಿಸಿದೆ. ರೋಹಿಣಿ ಇನ್ನೂ ಬಂದಿಲ್ಲ, ಬರುವ ಮುಂಚೆಯೇ ಹೀಗೆ, ಬಂದ ಮೇಲೆ? ಸೋಮವಾರ ಬೆಳಿಗ್ಗೆ ನನಗೆ ಇನ್ನೂ ಎರಡು ಬಾವಿಗಳು ಕಾದಿದ್ದವು.

ಸಂಜೆ ಅಕ್ಕನ ಹತ್ತಿರ ಹೋಗಿ, ಏನೂ ಆಗಿಲ್ಲದವನ ಹಾಗೆ, "ಅಮ್ಮ ಹೇಳ್ತಿದ್ಲು, ಹರಳೆಣ್ಣೆ ಕುಡಿದ್ರೆ ಬೇಗ ಆಗುತ್ತಂತೆ. ತಲೆಗೆ ಹಚ್ಚೋಕೆ ಬಾಟ್ಲಿ ಇಟ್ಟಿದೀಯಲ್ಲ" ಎಂದೆ.

"ನಿನ್ನ ಮಾತು ಕೇಳಿ ನಾನು ನೀರೂ ಕುಡಿಯಲ್ಲ. ಆಂಟಿ ಹೇಳಿದ್ರೆ ನೋಡೋಣ" ಎಂದಳು ಅಕ್ಕ.

ಶನಿವಾರ ಭಾವನಿಗೆ ಅರ್ಧ ದಿನ ಆಫೀಸು. ನನಗೆ ರಜೆ. ತರಕಾರಿ ತರುತ್ತೇನೆಂದು ಸೆರಂಗೂನ್ ರೋಡಿನ ಲಿಟಲ್ ಇಂಡಿಯಾಕ್ಕೆ ಹೊರಟೆ. ಹೂವಿನ ಅಂಗಡಿಯ ಪಕ್ಕದ ಫೋನಿನ ಎದುರು ಸ್ವಲ್ಪ ಹೊತ್ತು ನಿಂತೆ. ನಾಣ್ಯ ಹಾಕಿದೆ. ಅಕ್ಕ "ಹಲೋ" ಎಂದಳು.

"ಎಷ್ಟಾಯ್ತು?" ಎಂದೆ.

"ಆರನೇ ದಿನ ಆಂಟಿ. ಏನೂ ಇಲ್ಲ, ಬರೀ ಸೊಂಟ ನೋವು."

ನನ್ನ ಅಕ್ಕ, ನನ್ನ ಜೊತೆ ಇಪ್ಪತ್ನಾಲ್ಕು ವರ್ಷ ಬೆಳೆದವಳು, ನನ್ನನ್ನು ಆಂಟಿ ಎಂದಳು. ಅಲ್ಲಿಯೇ ನಕ್ಕುಬಿಟ್ಟಿದ್ದರೆ ಆಗಿತ್ತು. ನಗಲಿಲ್ಲ, ಕೆಮ್ಮಿದೆ. "ಹರಳೆಣ್ಣೆ ಉಂಟಾ ಮನೆಯಲ್ಲಿ? ಕಿತ್ತಳೆ ರಸಕ್ಕೆ ಹಾಕಿ ಕುಡಿ ಆಯ್ತಾ. ಎಂತ ಆಗೋದಿಲ್ಲ." ಎಷ್ಟು ಎಂದು ಅಕ್ಕ ಕೇಳಿದಳು. ಎಷ್ಟು ಎಂದು ನನಗೇನು ಗೊತ್ತು? ಬಾಯಿಗೆ ಬಂದ ಲೆಕ್ಕ ಹೇಳಿದೆ. 'ಮಾರಾಯ್ತಿ' ಎಂದು ಒಂದೇ ಸಲ ಸೇರಿಸಿದೆ.

ಮನೆಗೆ ಮರಳಿದಾಗ ಮಧ್ಯಾಹ್ನ ಎರಡು. ಗೇಟಿಗೆ ಬೀಗ ಇರಲಿಲ್ಲ. ಅಕ್ಕ ಬಚ್ಚಲಿನ ಬಾಗಿಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಒಳಗೆ ಹೋಗಿದ್ದವು, ತುಟಿ ಒಣಗಿ ಬಿಳಿಚಿತ್ತು. ಸೀರೆಯ ಕೆಳಗೆ ನೆಲ ಒದ್ದೆ. ಎಷ್ಟು ಸಲ ಭೇದಿಯಾಯಿತೋ, ಎಷ್ಟು ವಾಂತಿಯಾಯಿತೋ ಲೆಕ್ಕ ಬಿಟ್ಟಿದ್ದಳು.

"ಎಷ್ಟು ಕುಡಿದೆ?" ಎಂದೆ.

"ಆಂಟಿ ಹೇಳಿದಷ್ಟು."

ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ನನ್ನ ಅಂಗಿಯ ಅಂಚು ಹಿಡಿದಳು. "ಒದೀತಿಲ್ಲ ಕಣೋ. ಬೆಳಿಗ್ಗೆಯಿಂದ ಒದೀತಿತ್ತು, ಈಗ ಒದೀತಿಲ್ಲ."

ಅಲ್ಲಿಂದ ಮುಂದೆ ನನಗೆ ರೋಹಿಣಿ ನೆನಪಾಗಲಿಲ್ಲ. ಭಾವನ ಪೇಜರಿಗೆ ಮೆಸೇಜ್ ಕಳಿಸಿದೆ. ನಮ್ಮ ಬ್ಲಾಕಿನಲ್ಲಿ ಲಿಫ್ಟು ಒಂದು, ಐದು, ಒಂಬತ್ತನೆಯ ಮಹಡಿಗಳಲ್ಲಷ್ಟೇ ನಿಲ್ಲುತ್ತದೆ. ನಮ್ಮದು ಏಳನೆಯದು. ಊರಿನ ಲಿಫ್ಟುಗಳನ್ನೆಲ್ಲ ನೋಡಿಕೊಳ್ಳುವ ಎಂಜಿನಿಯರು ತನ್ನ ಅಕ್ಕನನ್ನು ಎರಡು ಮಹಡಿ ಮೆಟ್ಟಿಲಿನಲ್ಲಿ ಕೂರಿಸಿ ಕೂರಿಸಿ ಇಳಿಸಿದ. ಪ್ರತಿ ತಿರುವಿನಲ್ಲೂ ಅವಳು ಕಣ್ಣು ಮುಚ್ಚುವಳು, ನಾನು "ಅಕ್ಕಾ" ಎನ್ನುವೆ, ಅವಳು ತೆರೆಯುವಳು. ಒಂದು ತಿರುವಿನಲ್ಲಿ ಬೇಗ ತೆರೆಯಲಿಲ್ಲ.

ಆಸ್ಪತ್ರೆಯಲ್ಲಿ ಅವಳ ಕೈಗೆ ಡ್ರಿಪ್ ಚುಚ್ಚಿ, ಹೊಟ್ಟೆಗೆ ಬೆಲ್ಟ್ ಕಟ್ಟಿ, ಒಂದು ಯಂತ್ರದ ಗುಂಡಿ ಒತ್ತಿದರು. ಮೊದಲು ಬರೀ ಗರಗರ. ನರ್ಸು ಬೆಲ್ಟಿನ ಬಿಲ್ಲೆಯನ್ನು ಇಲ್ಲಿಟ್ಟಳು, ಅಲ್ಲಿಟ್ಟಳು. ಗರಗರ. ಭಾವ ಟೈ ಕಳಚದೆ ಗೋಡೆ ಹಿಡಿದು ನಿಂತಿದ್ದರು. ಆಮೇಲೆ ಮಗುವಿನ ಎದೆಬಡಿತ ಸಿಕ್ಕಿತು. ಯಾರೋ ಅವಸರದಲ್ಲಿ ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿಯುತ್ತಿರುವಂಥ ಸದ್ದು. ಬಹಳ ಅವಸರ. ಅವಸರ ಜಾಸ್ತಿಯಾಯಿತೆಂದು ಡಾಕ್ಟರು ತುಟಿ ಬಿಗಿದರು. ನಡುವೆ ಒಮ್ಮೆ ಸದ್ದು ನಿಧಾನವಾಗುತ್ತ ಬಂದು, ಎರಡು ಬಡಿತಗಳ ನಡುವೆ ಜಾಗ ಬಿತ್ತು. ನರ್ಸು ಓಡಿ ಬಂದು ಅಕ್ಕನನ್ನು ಎಡಮಗ್ಗುಲಿಗೆ ತಿರುಗಿಸಿದಳು. ಯಾವ ಸದ್ದನ್ನಾದರೂ ಒಮ್ಮೆ ಕೇಳಿದರೆ ಬಾಯಲ್ಲಿ ಬರುತ್ತದೆ ಎಂದು ಕೊಚ್ಚಿಕೊಳ್ಳುತ್ತಿದ್ದವನು ನಾನು. ಆ ಜಾಗವನ್ನು ಇವತ್ತಿಗೂ ಮಾಡಲಾರೆ.

"ಹೂ ಟೋಲ್ಡ್ ಹರ್ ಟು ಡ್ರಿಂಕ್ ದಿಸ್?" ಎಂದರು ಡಾಕ್ಟರು. ಅಕ್ಕ ಮಲಗಿದಲ್ಲಿಂದಲೇ, "ಆಂಟಿ" ಎಂದಳು. ನಾನು ನನ್ನ ಶೂ ನೋಡಿಕೊಂಡೆ.

ಸಂಜೆ ಐದರ ಹೊತ್ತಿಗೆ ಆಂಟಿ ಬಂದರು. ಭಾವನೇ ಫೋನ್ ಮಾಡಿದ್ದರು. ಆದರೆ 'ಅಡ್ಮಿಟ್ ಮಾಡಿದೀವಿ' ಎಂದಷ್ಟೇ ಹೇಳಿದ್ದರು. ಟ್ಯಾಂಪಿನೀಸ್‌ನಿಂದ ಎಂಆರ್‌ಟಿ, ಬಸ್ಸು ಹತ್ತಿ, ಸ್ಟೀಲ್ ಕ್ಯಾರಿಯರಿನಲ್ಲಿ ಗಂಜಿ ತಂದಿದ್ದರು. ಕಾರಿಡಾರಿನಲ್ಲೇ ಭಾವ ಅಡ್ಡ ನಿಂತರು. ಭಾವ ಸಿಟ್ಟಾದರೆ ಧ್ವನಿ ಏರುವುದಿಲ್ಲ, ಇಳಿಯುತ್ತದೆ.

"ಆಂಟಿ, ಹರಳೆಣ್ಣೆ ಕುಡಿ ಅಂತ ಯಾಕೆ ಹೇಳಿದ್ರಿ?"

"ಯಾರು? ನಾನಾ?"

"ಬೆಳಿಗ್ಗೆ ಫೋನ್ ಮಾಡಿ ಹೇಳಿದ್ದೀರಲ್ಲ."

"ಬೆಳಿಗ್ಗೆ ನಾನು ದೇವಸ್ಥಾನದಲ್ಲಿದ್ದೆ. ನಾನು ಫೋನೇ ಮಾಡಿಲ್ಲ."

"ಹಾಗಾದ್ರೆ ಅವಳು ಸುಳ್ಳು ಹೇಳ್ತಿದಾಳಾ? ಮೂರು ವರ್ಷದಿಂದ ನಿಮ್ಮ ವಾಯ್ಸ್ ಕೇಳಿದಾಳೆ ಆಂಟಿ. ಮಗುವಿನ ಹಾರ್ಟ್‌ಬೀಟ್ ಸರಿ ಇಲ್ಲ. ಆಪರೇಶನ್ ಅಂತಿದಾರೆ. ಏನಾದ್ರೂ ಆದ್ರೆ..."

ಆಂಟಿಯ ಆ ದಪ್ಪ ಧ್ವನಿ ಮೊದಲ ಬಾರಿ ತೆಳ್ಳಗಾದದ್ದನ್ನು ಕೇಳಿದೆ. "ಹರಳೆಣ್ಣೆ ನಾನು ಮನೆಯ ಒಳಗೇ ಇಡೋದಿಲ್ಲ. ನನ್ನ ಚಿಕ್ಕಮ್ಮನಿಗೆ ಹಾಗೇ ಕುಡಿಸಿದ್ರು. ನಾನು ಹತ್ತು ವರ್ಷದವಳು, ಬಾಗಿಲ ಹತ್ರ ನಿಂತಿದ್ದೆ. ತಾಯಿ, ಮಗು ಇಬ್ಬರನ್ನೂ ಒಟ್ಟಿಗೇ ಹೊತ್ಕೊಂಡು ಹೋದ್ರು" ಎಂದರು. ಭಾವ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. "ಪ್ಲೀಸ್ ಹೋಗಿ ಆಂಟಿ" ಎಂದು ಒಳಗೆ ಹೋದರು.

ಆಂಟಿ ನನ್ನ ಕಡೆ ನೋಡಿದರು. ಬಹಳ ಹೊತ್ತಲ್ಲ. ಕ್ಯಾರಿಯರನ್ನು ನನ್ನ ಕೈಗೆ ಕೊಟ್ಟು, "ಬಿಸಿ ಉಂಟು. ಅಡಿಗೆ ಬಟ್ಟೆ ಹಿಡ್ಕೋ" ಎಂದರು. ಲಿಫ್ಟಿನ ಕಡೆ ನಡೆದರು. ನನಗೆ ಬಟ್ಟೆ ಹುಡುಕಲು ತೋಚಲಿಲ್ಲ. ಕೈ ಸುಡುತ್ತಿದ್ದರೂ ಹಾಗೇ ಹಿಡಿದು ನಿಂತೆ. ಬಾಯಿ ಬಿಡಲು ಅದೇ ಸರಿಯಾದ ಹೊತ್ತು. ಬಿಡಲಿಲ್ಲ.

ಡ್ರಿಪ್ಪಿನ ನೀರು ಮೈಗೆ ಸೇರಿದಂತೆ ಮಗುವಿನ ಬಡಿತ ದಾರಿಗೆ ಬಂತು. ಆಪರೇಶನ್ ಈಗಲೇ ಬೇಡ, ಇಬ್ಬರನ್ನೂ ನೋಡುತ್ತಿರುತ್ತೇವೆ ಎಂದರು ಡಾಕ್ಟರು. ಹೆರಿಗೆ ನೋವಂತೂ ಹತ್ತಿರವೂ ಸುಳಿಯಲಿಲ್ಲ. ಹರಳೆಣ್ಣೆ ಅಕ್ಕನ ಹೊಟ್ಟೆಯನ್ನು ಹಿಂಡಿ ಹಾಕಿತ್ತೇ ಹೊರತು ಮಗುವಿಗೆ ಹೊರಡುವ ಅವಸರವೇನೂ ಹುಟ್ಟಿರಲಿಲ್ಲ.

ಭಾನುವಾರ ಇಡೀ ದಿನ ಮನೆಯ ಫೋನು ಬಡಿದುಕೊಂಡಿತು. ಭಾವ ಆಸ್ಪತ್ರೆಯಲ್ಲಿ ಯಾರಿಗೋ ಹೇಳಿದ್ದರು, ಅವರು ಇನ್ಯಾರಿಗೋ. "ಆಂಟಿ ಹಂಗೆ ಮಾಡಿದ್ರಾ? ನಿಜಾನಾ?" ಎಂದು ಒಬ್ಬರು ಕೇಳಿದರು. "ಹಂ" ಎಂದೆ. ಇನ್ನೊಬ್ಬರು, ಏಳು ತಿಂಗಳ ಬಸುರಿ, "ಬುಧವಾರ ಅವರು ನಮ್ಮನೆಗೆ ಬರೋರಿದ್ರು. ನನಗೆ ಭಯ ಆಗ್ತಿದೆ, ಬೇಡ ಅಂ‌ದುಬಿಟ್ಟೆ" ಎಂದರು. ಅದಕ್ಕೂ "ಹಂ" ಎಂದೆ. ಫೋನಿನಲ್ಲಿ ಮಾಡಿದ ಒಂದು ತಪ್ಪನ್ನು ಮುಚ್ಚಲು ಫೋನಿನಲ್ಲೇ ಹನ್ನೆರಡು ಮನೆಯವರಿಗೆ "ಹಂ" ಎಂದಿದ್ದೇನೆ. ಅದು ಮಾತ್ರ ನನ್ನದೇ ಧ್ವನಿ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ, ರೋಹಿಣಿ ಇನ್ನೂ ಮುಗಿಯದಿರುವಾಗಲೇ, ತಾನಾಗಿ ನೋವು ಬಂದು ಹೆಣ್ಣು ಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಭಾವ ಅಳುತ್ತ ಫೋನಿನಲ್ಲಿ ಹೇಳಿದ್ದನ್ನು ಕೇಳಿ ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಬದುಕಿದೆ ಎನಿಸಿತು. ಐದು ನಿಮಿಷವಾದ ಮೇಲೆ ಹಳೆಯ ಭಯ ಎದ್ದು ಬಂತು. ತಡವಾಗಿ ಬರುತ್ತೇನೆಂದು ಆಫೀಸಿಗೆ ಹೇಳಿದ್ದವನು ಈಗ ಇಡೀ ದಿನಕ್ಕೆ ರಜಾ ಚೀಟಿ ಬರೆದೆ. ಆ ದಿನದ ಎರಡು ಬಾವಿಗಳಿಗೆ ಬೇರೆಯವನು ಇಳಿದ.

ಅಮ್ಮನಿಗೆ ಭಾವ ಹರಳೆಣ್ಣೆಯ ಸುದ್ದಿ ತಿಳಿಸಿರಲಿಲ್ಲ, ಗಾಬರಿಯಾಗುತ್ತಾಳೆಂದು. ಹಾಗಾಗಿ ಅಮ್ಮ ನಿರಾಳವಾಗಿ ಆಜ್ಞೆ ಹೊರಡಿಸಿದಳು. ಸೋದರಮಾವ ಮಗುವನ್ನು ನೇರ ನೋಡಕೂಡದು. ಎಣ್ಣೆಯಲ್ಲಿ ಅದರ ಮುಖದ ನೆರಳು ನೋಡಿ, ಆಮೇಲೆ ಮಗುವನ್ನು ನೋಡಿದರೆ ದೋಷ ಹೋಯಿತು. "ಟ್ಯಾಂಪಿನೀಸ್ ಆಂಟಿಗೆ ಎಲ್ಲ ಗೊತ್ತಿರುತ್ತೆ. ಅವರನ್ನೇ ಕರೀರಿ." ಅಮ್ಮನಿಗೆ ಕಾರಣ ಹೇಳಲಾಗದೆ ಭಾವ ಆಂಟಿಗೆ ಫೋನ್ ಮಾಡಿ, ತಲೆ ತಗ್ಗಿಸಿಕೊಂಡು, "ಆಕ್ಚುಯಲಿ ಆಂಟಿ..." ಎಂದು ತಡವರಿಸಿದರು. ಅತ್ತಲಿಂದ ಬಂದ ಉತ್ತರ ಚಿಕ್ಕದು. ಭಾವ ಫೋನ್ ಇಟ್ಟು, "ಬರ್ತಾರಂತೆ" ಎಂದರು.

ಬುಧವಾರ ಬೆಳಿಗ್ಗೆ ಅಕ್ಕ ಮನೆಗೆ ಬಂದಳು. ಮಗು ಮೇಲೆ ಹೋಗುವವರೆಗೆ ನಾನು ಕೆಳಗೆ ವಾಯ್ಡ್ ಡೆಕ್ ಎಂಬ ನೆಲಮಹಡಿಯ ತೆರೆದ ಜಾಗದಲ್ಲಿ ಕಂಬದ ಕಡೆ ಮುಖ ಮಾಡಿ ನಿಂತಿರಬೇಕಿತ್ತು. ಚೆಸ್ ಆಡುತ್ತಿದ್ದ ಚೀನೀ ಮುದುಕರೊಬ್ಬರು, "ಬಾಯ್, ವೈ ಯು ಪನಿಶ್‌ಮೆಂಟ್?" ಎಂದು ಕೇಳಿದರು.

ಮೇಲೆ ಹೋದಾಗ ಆಂಟಿ ಎಲ್ಲ ಸಿದ್ಧ ಮಾಡಿದ್ದರು. ಮಣೆಯ ಮೇಲೆ ಅಗಲವಾದ ಬಟ್ಟಲು, ಅದರಲ್ಲಿ ತೆಂಗಿನೆಣ್ಣೆ. ಗೋಡೆಯ ಕಡೆ ಮುಖ ಮಾಡಿ ನನ್ನನ್ನು ಕೂರಿಸಿದರು, ಬಟ್ಟಲನ್ನು ಕೈಗೆ ಕೊಟ್ಟರು. ಅಕ್ಕ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಂಚದ ಮೇಲೆ ಕೂತಿದ್ದಳು, ಆಂಟಿಯ ಕಡೆ ನೋಡುತ್ತಿರಲಿಲ್ಲ. ಮಗುವನ್ನು ಅವರ ಕೈಗೆ ಕೊಡುವಾಗಲೂ ಒಂದು ಕ್ಷಣ ಹಿಂದೆಗೆದಳು. ಅದನ್ನು ಆಂಟಿ ನೋಡಿದರು. ನಾನೂ ನೋಡಿದೆ, ಗೋಡೆಯ ಮೇಲಿನ ಅವರ ನೆರಳಿನಲ್ಲಿ.

ಮಗುವನ್ನು ನನ್ನ ಹೆಗಲ ಹಿಂದಿನಿಂದ ಬಟ್ಟಲಿನ ಮೇಲೆ ತಂದರು. "ನೋಡು" ಎಂದರು.

ಎಣ್ಣೆಯಲ್ಲಿ ಮೊದಲು ಕಂಡದ್ದು ನನ್ನ ಮುಖ. ಅದರ ಪಕ್ಕ ಏನೋ ಕೆಂಪಗೆ ಮುದುರಿಕೊಂಡಿತ್ತು, ಅಲೆಯಲ್ಲಿ ಒಡೆದುಹೋಯಿತು.

"ಕಂಡಿತಾ?"

"ಇಲ್ಲ ಆಂಟಿ."

"ಕೈ ನಡುಗಿಸ್ಬೇಡ. ಎಣ್ಣೆ ನಿಲ್ಬೇಕು."

ಎಣ್ಣೆ ನಿಲ್ಲಲಿಲ್ಲ. ಬಟ್ಟಲಿನ ಅಂಚಿನಿಂದ ಚೆಲ್ಲಿ ಮಣೆಯ ಮೇಲೆ ಹರಿಯಿತು. "ಆಂಟಿ, ಶನಿವಾರ ಫೋನ್ ಮಾಡಿದ್ದು ನಾನು" ಎಂದೆ, ಗೋಡೆಗೆ.

"ಏನಂದೆ?" ಎಂದರು ಭಾವ.

"ಆಂಟಿ ಥರ ಮಾತಾಡಿ ಅಕ್ಕನಿಗೆ ಹೇಳಿದ್ದು ನಾನೇ."

ಮಗು ಒಮ್ಮೆ ಸೀನಿತು. ಆಮೇಲೆ ಅಕ್ಕ, "ಸುಳ್ಳು. ನಾನು ಕೇಳಿದೀನಿ. ಅದು ಆಂಟಿನೇ. ಎಲ್ಲಿ, ಅವತ್ತು ಹೇಳಿದ ಹಾಗೇ ಹೇಳು" ಎಂದಳು.

ಹೇಳಿದೆ. ಗೋಡೆ ಬಿಟ್ಟು ಈ ಕಡೆ ತಿರುಗಿ, ಎಷ್ಟಾಯ್ತು ಎಂಬಲ್ಲಿಂದ ಶುರುಮಾಡಿ, ಕೆಮ್ಮು, ಕಿತ್ತಳೆ ರಸ, ಎಂತ ಆಗೋದಿಲ್ಲ ಎಂಬುದರವರೆಗೆ, ಆಂಟಿಯ ಧ್ವನಿಯಲ್ಲಿ, ಆಂಟಿಯ ಎದುರು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿರಲಿಲ್ಲ. ಯಾರೂ ನಗಲಿಲ್ಲ. ಅಕ್ಕ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಆಮೇಲೆ ಆಂಟಿಯ ಮೊಣಕೈಯನ್ನು ಹಿಡಿದುಕೊಂಡು ಬಿಡಲೇ ಇಲ್ಲ.

ಭಾವನ ಧ್ವನಿ ಪಾತಾಳಕ್ಕೆ ಇಳಿದಿತ್ತು. "ಯಾಕೆ ಮಾಡಿದೆ?"

"ರೋಹಿಣಿ ಅಂದಳು ಅಮ್ಮ. ಮಾವನಿಗೆ ಆಗಲ್ಲ ಅಂದಳು. ಮಾರನೇ ದಿನವೇ ಸ್ಪ್ಯಾನರ್ ಬಿತ್ತು. ಹೆದರಿಕೆ ಆಯ್ತು ಭಾವ, ಸತ್ತುಹೋಗ್ತೀನಿ ಅಂತ. ತುಂಬಾ ಹೆದರಿಕೆ ಆಗಿಬಿಟ್ಟಿತ್ತು."

ಭಾವ ನನ್ನ ಕಡೆ ಒಂದು ಹೆಜ್ಜೆ ಇಟ್ಟರು. ಮುಂದೆ ಏನು ಮಾಡುತ್ತಿದ್ದರೋ ಗೊತ್ತಿಲ್ಲ. ಮಗುವನ್ನು ಒಂದು ಕೈಯಲ್ಲಿ ಎದೆಗೆ ಒತ್ತಿಕೊಂಡೇ ಆಂಟಿ ಇನ್ನೊಂದು ಕೈ ಅಡ್ಡ ಹಿಡಿದರು. ನನ್ನ ಕೈಯಿಂದ ಬಟ್ಟಲು ತೆಗೆದು ಕೆಳಗಿಟ್ಟರು. ಚೆಲ್ಲಿದ ಎಣ್ಣೆಯನ್ನು ಸೆರಗಿನಲ್ಲಿ ಒರೆಸುತ್ತ, ತಲೆ ಎತ್ತದೆ, ಹೇಳಿದರು:

"ಹೆದರಿಕೆ ಆದದ್ದು ನಿನಗಲ್ವಾ? ಹಾಗಾದ್ರೆ ಹರಳೆಣ್ಣೆ ನೀನು ಕುಡೀಬೇಕಿತ್ತು."